ಅರ್ಧ ಬಾಳಿಹಣ್ಣು

ಗೌತಮ,

ಅವ್ವನ್ನ ಮಲಂಗಸಾಬ ಕಾಕಾನ ಗಾಡ್ಯಾಗ ಕಲಬುರಗಿಗಿ ಕರಕೊಂಡು ಹೊಂಟೀನಿ. ಸೇಡಂ ರಸ್ತಾದಾಗ ಅಪ್ಪಗ ತೋರಿಸಿದ್ದೆವಲ್ಲ, ಅದೇ ದವಾಖಾನಿ. ಓಡಾಕ ಹೋಗುವಾಗ ನೀ ಫೋನ್ ಮನ್ಯಾಗೇ ಬಿಡತಿ, ಅದಕ್ಕ ಬರದಿಟ್ಟೀನಿ.

ಒಲಿ ಮುಂದ ಬಿದ್ದಿದ್ದಳು. ಮೈಯೆಲ್ಲಾ ತಣ್ಣಗ ಬೆವತಿತ್ತು. ತುಟಿಗಿ ಸಕ್ರಿ ಸವರಿದ ಮ್ಯಾಲ ಕಣ್ಣು ತೆರದಳು. ದಿನಾ ಮುಂಜಾನಿ ಶುಗರಿನ ಗುಳಗಿ ನುಂಗಿ ಖಾಲಿ ಹೊಟ್ಟಿಲೇ ಇರತಿದ್ದಳಂತ. ಯಾಕ ಅಂತ ಕೇಳಿದ್ರ, "ಮಗ ಉಣ್ಣದ ನಾ ಹ್ಯಾಂಗ ಉಣ್ಣಲಿ" ಅಂದಳು. ನೀ ಮಧ್ಯಾಹ್ನದ ತನಕ ಉಪಾಸ ಇರೋದು ಶುರು ಮಾಡಿದಾಗಿಂದ ಆಕೀನೂ ಹಂಗೇ ಇದ್ದಾಳ.

ಆಯುಷ್ಯ ಬೆಳಸತೀನಂತ ತೋಳಿಗಿ ಮಷಿನ್ ಅಂಟಿಸಿಕೊಂಡಿ. ನಿನ್ನ ಶುಗರ್ ಗಳಿಗಿಗೊಮ್ಮೆ ನೋಡಕೋತಿ. ಬಾಜೂಕ ಕುಂತಾಕಿ ಮಾರಿ ಒಮ್ಮೆರೆ ನೋಡಬಾರದಾ?

ಬಾಗಿಲಿಗಿ ಅಡ್ಡ ಇದ್ದ, ನೀ ದಿನಾ ಮುಳುಗಿ ಕುಂದ್ರೋ ಬರ್ಫದ ನೀರಿನ ಡ್ರಮ್ ಒದ್ದು ಉರುಳಿಸೀನಿ. ಅವ್ವನ್ನ ಎತ್ತಿ ತರಾಕ ದಾರಿ ಇರಲಿಲ್ಲ. ನೆಲ ಒರಸು. ಒಲಿ ಪೂರಾ ಆರ್ಯದೋ ಇಲ್ಲೋ ನೋಡು. ಆಕಿ ಆಧಾರ್ ಕಾರ್ಡ್, ಒಂದು ಸೀರಿ, ಚಾದರ ತಗೊಂಡು ಕಮಲಾಪುರದ ಬಸ್ ಸ್ಟ್ಯಾಂಡಿಗಿ ಹೋಗಿ ಸಿಕ್ಕ ಬಸ್ ಹತ್ತು. ನೀ ಕಲಸಿ ಕುಡಿಯೋ ಪೌಡರ್ ಗೀಡರ್ ತರಬ್ಯಾಡ.

ತಾಟಿನ ಕೆಳಗ ಅರ್ಧ ಕೆಂಪು ಬಾಳಿಹಣ್ಣು ಅದ. ಸಕ್ರಿ ಭಾಳ ಅಂತ ನೀ ತಿನ್ನೋದು ಬಿಟ್ಟೀಯಲ್ಲ, ಅದೇ. ಗಾಡಿ ಹತ್ತಿಸಿ ಅವ್ವಗ ಕೊಟ್ಟಿದ್ದೆ. ಅರ್ಧ ತಿಂದು, ಉಳಿದದ್ದು ಗೌತಮಗ ಇಟ್ಟು ಬಾ ಅಂತ ನನ್ನ ತಿರುಗಿ ಒಳಗ ಕಳಸ್ಯಾಳ.

ತಿಂದೇ ಬಾ. ಆಕಿ ಮೊದಲು ಅದನ್ನೇ ಕೇಳತಾಳ, ನಾ ಸುಳ್ಳು ಹೇಳಂಗಿಲ್ಲ.

ಅಕ್ಕ