ಅಮ್ಮನ ಮೊದಲ ಚೆಕ್

ಮಾರ್ಚ್ ೧೪, ಗುರುವಾರ

ಬೆಳಗಿನಿಂದ ಅಪ್ಪನೇ ನೆನಪಾಗುತ್ತಿದ್ದಾರೆ. ಅವರು ಚೆಕ್ ಬರೆಯಲು ಕೂತರೆ ಮನೆಯಲ್ಲಿ ಯಾರೂ ಮೇಜು ಅಲುಗಿಸುವಂತಿರಲಿಲ್ಲ. ನನಗೆ ಕೆಲಸ ಸಿಕ್ಕಾಗ ಸಂಜೆ ಹೊತ್ತು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದರು. ಅಮ್ಮನಿಗೆ ಯಾವತ್ತೂ ಕಲಿಸಲಿಲ್ಲ. "ನಾನಿದ್ದೀನಲ್ಲ, ನಿಂಗ್ಯಾಕೆ ಈ ತಲೆನೋವು?" ಎನ್ನುತ್ತಿದ್ದರು, ಪ್ರೀತಿಯಿಂದಲೇ.

ಅಪ್ಪ ಹೋಗಿ ವರ್ಷವಾಯಿತು. ಇವತ್ತು ಅಮ್ಮ ತನ್ನದೇ ಖಾತೆಯ ಚೆಕ್ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಹೊಲಿಗೆ ಯಂತ್ರ ಕೊಳ್ಳಬೇಕಂತೆ. ನಾನು ಬರೆದುಕೊಡಲು ಹೋದರೆ ಕೈಮೇಲೆ ಮೆಲ್ಲಗೆ ಏಟು ಬಿತ್ತು.

"ಬಾಯಲ್ಲಿ ಹೇಳು, ಸಾಕು."

ತಾರೀಖು, ಅಂಗಡಿಯ ಹೆಸರು, ಅಂಕಿಯಲ್ಲಿ ಮೊತ್ತ, ಮತ್ತೆ ಅದನ್ನೇ ಅಕ್ಷರದಲ್ಲಿ. ಅಮ್ಮ ನಾಲಿಗೆ ಕಚ್ಚಿಕೊಂಡು ಶಾಲೆ ಹುಡುಗಿಯಂತೆ ಬರೆದಳು.

"ಕೊನೆಗೆ 'ಮಾತ್ರ' ಅಂತ ಬರಿಯಮ್ಮ. ಉಳಿದ ಜಾಗಕ್ಕೆ ಗೆರೆ ಎಳೆದುಬಿಡು."

"ಯಾಕೆ?"

"ಬೇರೆ ಯಾರೂ ಏನೂ ಸೇರಿಸಬಾರದಲ್ಲ!"

ಹೇಳಿದ ಮೇಲೆ ಹೊಳೆಯಿತು, ಅದು ಥೇಟ್ ಅಪ್ಪನ ದನಿ. ಅಮ್ಮನಿಗೂ ಹಾಗನ್ನಿಸಿರಬೇಕು. ಪೆನ್ನು ಕೆಳಗಿಟ್ಟಳು.

"ನಂಗೂ ಹೀಗೆ ಪಕ್ಕದಲ್ಲಿ ಕೂರಿಸ್ಕೊಂಡು ಹೇಳ್ಕೊಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು," ಎಂದಳು. ದನಿಯಲ್ಲಿ ದೂರಿರಲಿಲ್ಲ. ನನ್ನ ಪಾಲಿಗೆ ಬಂದ ಆ ಸಂಜೆಗಳು ಅವಳ ಪಾಲಿಗೂ ಬರಬೇಕಿತ್ತು ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಸಹಿ ಹಾಕಿ, ಆರಲಿ ಎಂದು ಊದಿದಳು.

ಇಬ್ಬರೂ ಅಂಗಡಿಗೆ ಹೋದಾಗ ಅಲ್ಲಿಯವರು ಚೆಕ್ ನೋಡಿ ನನ್ನತ್ತ ತಿರುಗಿದರು. "ಎಲ್ಲಾ ಸರಿಯಾಗಿ ಬರ್ದಿದ್ದೀರಿ, ಮೇಡಂ."

"ಬರ್ದಿದ್ದು ನಾನು," ಎಂದಳು ಅಮ್ಮ, ಅಂಗಡಿಗೆಲ್ಲ ಕೇಳುವಂತೆ.

ಅಪ್ಪ ಕೇಳಬೇಕಿತ್ತು ಅದನ್ನು. ನಕ್ಕುಬಿಡುತ್ತಿದ್ದರೋ, ಅಥವಾ ಅಮ್ಮನ ಮುಖ ನೋಡಿ... ನಿದ್ದೆಗೆ ಕಣ್ಣು ಎಳೆಯುತ್ತಿದೆ, ಉಳಿದದ್ದು ನಾಳೆ ಬರೆಯುತ್ತೇನೆ.