ತಟ್ಟೆ ಹಿಡಿದು ನಿಂತ ಕಾನಿ ಅಜ್ಜಿಗೆ

ಫೆಬ್ರವರಿ ಮೂವತ್ತು, 2174
ಕೋಲಾರದ ಚಿನ್ನದ ಗಣಿ, ನೆಲದಡಿಯ ಊರು

ಹಾಲಿವುಡ್ಡಿನಲ್ಲಿ 1939ನೆಯ ಇಸವಿಯಲ್ಲಿರುವ ಕಾನಿ ಡ್ರೂ ಅವರಿಗೆ,

ಅಜ್ಜೀ, ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಿಮಗೆ ಗೊತ್ತಿರುವ ಕನ್ನಡ ಚಿಕ್ಕಂದಿನಲ್ಲಿ ನಿಮ್ಮನ್ನು ಎತ್ತಿ ಆಡಿಸಿದ ಆಯಾ ಕಲಿಸಿದ್ದು. ನನ್ನದು ಆಕೆಯ ಮರಿಮಕ್ಕಳ ಮರಿಮಕ್ಕಳು ಆಡುವ ಕನ್ನಡ. ಅರ್ಥವಾಗದ ಕಡೆ ಕ್ಷಮಿಸಿ ಮುಂದೆ ಹೋಗಿ. ಈ ಕಾಗದ ಕೈಸೇರುವಾಗ ನಿಮಗೆ ಮೂವತ್ತೊಂದು ವರ್ಷ, ಬರೆಯುತ್ತಿರುವ ನನಗೆ ಐವತ್ತೆಂಟು. ಆದರೂ ನೀವು ಅಜ್ಜಿಯೇ. ನೀವು ಹಡಗು ಹತ್ತಿದ ಮೇಲೆ ನಿಮ್ಮ ತಂಗಿ ವಯೊಲೆಟ್ ಗಣಿಯ ಮೇಸ್ತ್ರಿಯೊಬ್ಬರ ಮಗನನ್ನು ಮದುವೆಯಾಗಿ ಇಲ್ಲೇ ಉಳಿದಳಲ್ಲ, ಅವಳ ಸಂತತಿ ನಾನು. ಹೆಸರು ರತ್ನಮಾಲಾ. ನಿಮ್ಮ ಹಾಗೆಯೇ ನಟಿ. ಹೆದರಬೇಡಿ, ಈ ಗಣಿಯೂರಿನಲ್ಲಿ ಹುಟ್ಟಿಯೂ ಲಂಡನ್ನಿನವಳೆಂದು ಹೇಳಿಕೊಂಡು ಬದುಕುತ್ತಿರುವ ನಿಮ್ಮ ಗುಟ್ಟನ್ನು ಬಯಲು ಮಾಡಲು ನಾನು ಬರೆಯುತ್ತಿಲ್ಲ. ಹೊಟ್ಟೆಕಿಚ್ಚು ತಾಳಲಾರದೆ ಬರೆಯುತ್ತಿದ್ದೇನೆ.

ಮೊದಲು ನಮ್ಮ ಊರಿನ ವಿಷಯ ಹೇಳುತ್ತೇನೆ. ಈಗ ವರ್ಷದಲ್ಲಿ ನಾಲ್ಕು ತಿಂಗಳು ನೆಲದ ಮೇಲೆ ಬಿಸಿಲು ಮನುಷ್ಯರು ತಡೆಯುವಂಥದ್ದಲ್ಲ. ಆ ತಿಂಗಳುಗಳನ್ನು ನಾವು ಇಳಿಗಾಲ ಎನ್ನುತ್ತೇವೆ. ಹಾಸಿಗೆ, ಪಾತ್ರೆ, ಕೋಳಿ, ಕುಂಡದ ಗಿಡಗಳ ಸಮೇತ ಊರಿಗೆ ಊರೇ ಹಳೆಯ ಗಣಿಯೊಳಕ್ಕೆ ಇಳಿಯುತ್ತದೆ. ನಿಮ್ಮ ತಂದೆ ಲಿಫ್ಟಿನ ಯಂತ್ರ ನಡೆಸುತ್ತಿದ್ದ ಜಾಗದಲ್ಲೇ ಇಂದೂ ಲಿಫ್ಟಿದೆ. ಅಗೆದು ಬಿಟ್ಟ ಸುರಂಗಗಳೇ ನಮ್ಮ ಬೀದಿಗಳು. ಪ್ರತಿ ಬೀದಿಗೂ ಒಂದು ಅಡುಗೆಮನೆ. ಮಧ್ಯಾಹ್ನ ಮುದ್ದೆಯ ಹಬೆಗೆ ಬಂಡೆ ಬೆವರುತ್ತದೆ, ಅದರ ಕೆಳಗೆ ಕೂತವರ ತಲೆಯೂ ಒದ್ದೆಯಾಗುತ್ತದೆ. ಸಂಜೆಯಾಯಿತೆಂದು ತಿಳಿಯಲಿ ಎಂದು ದೀಪಗಳನ್ನು ಮೆಲ್ಲಗೆ ಕೆಂಪಗೆ ಮಾಡುತ್ತಾರೆ. ಆಗ ಜನ ತೆರೆಗವಿಗೆ ಬರುತ್ತಾರೆ. ತೆರೆಗವಿ ಎಂದರೆ ನಮ್ಮ ನಾಟಕಶಾಲೆ. ಅಲ್ಲಿ ನಾನು ಹದಿನೆಂಟನೆಯ ವಯಸ್ಸಿನಿಂದ ನಾಯಕಿ. ರಾಣಿಯಾಗಿದ್ದೇನೆ, ವಿರಹಿಣಿಯಾಗಿದ್ದೇನೆ, ಸತ್ತಿದ್ದಂತೂ ಲೆಕ್ಕವಿಲ್ಲ. ನಾನು ಸತ್ತಾಗ ಬಿಕ್ಕದ ಮನೆ ಈ ಸುರಂಗಗಳಲ್ಲಿ ಇರಲಿಲ್ಲ.

ಹೋದ ಇಳಿಗಾಲದಲ್ಲಿ ನೀವು ಬಂದಿರಿ.

ಕ್ಯಾಲಿಫೋರ್ನಿಯಾದ ಒಂದು ಸಂಗ್ರಹದಿಂದ ಉಳಿಕೆಗಳು ಬಂದವು. ಹಾಳಾಗಿ ಹೋದ ಹಳೆಯ ಸಿನಿಮಾಗಳಲ್ಲಿ ಚೆನ್ನಾಗಿ ಉಳಿದ ತುಣುಕುಗಳನ್ನು ನಾವು ಹಾಗೆ ಕರೆಯುತ್ತೇವೆ. ಅವುಗಳಲ್ಲಿ ಒಂದರ ಕಥೆ ಏನೆಂದು ಯಾರಿಗೂ ಗೊತ್ತಿಲ್ಲ. ನಾಯಕಿಯ ಬೇರೆ ಭಾಗಗಳೆಲ್ಲ ಕರಗಿಹೋಗಿ, ಹೆಸರುಗಳ ಸಾಲು ಮತ್ತು ಕೆಲಸದಾಕೆ ಬರುವ ಒಂದು ದೃಶ್ಯ ಮಾತ್ರ ಉಳಿದಿವೆ. ನಾಯಕ ಮೊಣಕಾಲೂರಿ ನಾಯಕಿಗೆ ಮದುವೆಯ ಮಾತು ಹೇಳುತ್ತಿರುತ್ತಾನೆ. ಆ ಹೊತ್ತಿಗೆ ಟೀ ತಟ್ಟೆ ಹಿಡಿದು ನೀವು ಒಳಗೆ ಬರುತ್ತೀರಿ. ಮುಂದೆ ಬರುವಂತಿಲ್ಲ, ಹಿಂದೆ ಹೋದರೆ ಬಾಗಿಲು ಕಿರುಗುಟ್ಟುತ್ತದೆ. ಸುಮ್ಮನೆ ನಿಲ್ಲುತ್ತೀರಿ, ಅಷ್ಟೇ. ಉದ್ದ ಮೂಗು, ಉದ್ದ ಕತ್ತು, ಕೊಕ್ಕರೆಯ ಹಾಗೆ. ತೆರೆಗವಿ ಬಿದ್ದು ಬಿದ್ದು ನಕ್ಕಿತು. ಗಂಡ ತೀರಿಕೊಂಡು ವರ್ಷವೂ ತುಂಬದ ಗಂಗುಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಮಾರನೆಯ ದಿನವೂ ಅದೇ ಹಾಕಿ ಎಂದರು. ಅದರ ಮಾರನೆಯ ದಿನವೂ. ವಾರ ಕಳೆಯುವುದರೊಳಗೆ ಜನ ನಿಮ್ಮನ್ನು ನೋಡಿ, ನನ್ನ ನಾಟಕ ಶುರುವಾಗುವ ಮೊದಲೇ ಚಾಪೆ ಸುತ್ತಿಕೊಂಡು ಎದ್ದು ಹೋಗತೊಡಗಿದರು. ತೆರೆಗವಿ ನಡೆಸುವ ಮುನಿವೆಂಕಟಪ್ಪನನ್ನು ನಾನು ತರಾಟೆಗೆ ತೆಗೆದುಕೊಂಡೆ.

"ನಲವತ್ತು ವರ್ಷ ನಿನ್ನ ಗವಿ ತುಂಬಿಸಿದ್ದೀನಿ. ಈಗ ಆ ಸತ್ತೋಳ ಹಿಂದೆ ನಿಂತ್ಕೊಂಡು ಕುಣೀಬೇಕಾ ನಾನು?"

"ಸತ್ತೋಳು ಅಂತ ನಿಮಗೆ ಗೊತ್ತಮ್ಮ. ಜನ ನನ್ನ ಕೇಳ್ತಾರೆ, ಆಯಮ್ಮ ನಾಳೆ ಬತ್ತಾಳಾ ಅಂತ. ನಾನೇನ್ ಹೇಳ್ಲಿ?"

ನಾನು ಮನೆಗೆ ಬಂದು ಊಟ ಮಾಡದೆ ಮಲಗಿದೆ. ನಾಯಕಿಯೊಬ್ಬಳು ನನ್ನನ್ನು ಸೋಲಿಸಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಹೆಸರುಗಳ ಸಾಲಿನಲ್ಲಿ ಕೊನೆಗೆ ಬರುವವಳು, ಮುಖದ ಮೇಲೆ ಸರಿಯಾಗಿ ಬೆಳಕೂ ಬೀಳದವಳು ಸೋಲಿಸಿದಳಲ್ಲ ಎಂಬುದೇ ನನ್ನ ನಿದ್ದೆ ಕೆಡಿಸಿತು. ನಮ್ಮ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದ ಕಥೆಯೂ ನೆನಪಾಯಿತು. ಗಣಿಯ ಕ್ಲಬ್ಬಿನ ನಾಟಕದಲ್ಲಿ ಹಾಡುವವಳು, ಚೆಲುವೆ, ನಾಯಕಿ ಎಲ್ಲವೂ ವಯೊಲೆಟ್. ಊರೂರು ತಿರುಗುವ ನಾಟಕ ಕಂಪನಿಯ ಯಜಮಾನ ಬಂದದ್ದೂ ಅವಳನ್ನೇ ನೋಡಲು. ಅವಳ ಹಿಂದೆ ಬೀಸಣಿಗೆ ಹಿಡಿದು ನಿಂತಿದ್ದ ನಿಮ್ಮನ್ನು ಕಂಡು ಅವನು ಕುರ್ಚಿಯಿಂದ ಜಾರುವಷ್ಟು ನಕ್ಕು, ನಿಮ್ಮನ್ನೇ ಕರೆದುಕೊಂಡು ಹೋದ. ವಯೊಲೆಟ್ ಆಮೇಲೆ ಸಾಯುವವರೆಗೂ ಹಾಡಲಿಲ್ಲವಂತೆ.

ನಾನು ಅವಳ ಹಾಗೆ ಬಾಯಿ ಮುಚ್ಚಿ ಕೂರುವವಳಲ್ಲ. ಟೀ ತಟ್ಟೆ ತರಿಸಿದೆ. ಕನ್ನಡಿಯ ಮುಂದೆ ನಿಮ್ಮ ಕತ್ತು, ನಿಮ್ಮ ಭುಜ, ನೀವು ಕಣ್ಣು ಮಿಟುಕಿಸದೆ ಇರುವ ರೀತಿ ಎಲ್ಲವನ್ನೂ ಕಲಿತೆ. ಇವತ್ತು ಉಳಿಕೆ ಬೇಡ, ಆ ದೃಶ್ಯವನ್ನು ನಾನೇ ಮಾಡುತ್ತೇನೆ ಎಂದು ಸಾರಿಸಿದೆ. ಗವಿ ಕಿಕ್ಕಿರಿದಿತ್ತು. ಒಳಗೆ ಬಂದೆ, ನಿಂತೆ. ಯಾರೂ ನಗಲಿಲ್ಲ. ಇನ್ನೂ ನಿಂತೆ. ಎಲ್ಲೋ ಯಾರೋ ಕೆಮ್ಮಿದರು. ತಟ್ಟೆಯ ಮೇಲಿನ ಲೋಟಗಳು ಸಣ್ಣಗೆ ನಡುಗಿದವು. ಆಗ ಮುಂದಿನ ಸಾಲಿನಿಂದ ಗಂಗುಲಮ್ಮ, ನಿಜವಾದ ಅಂತಃಕರಣದಿಂದ,

"ಕೈ ನೋಯ್ತದೆ ಕಣಮ್ಮ, ಕೆಳಗಾದ್ರೂ ಇಡು ಅದನ್ನ" ಎಂದರು.

ಗವಿ ಸಿಡಿಯುವಂತೆ ನಕ್ಕಿತು. ಆ ನಗೆ ಗಂಗುಲಮ್ಮನಿಗೆ ಸೇರಿದ್ದು.

ಅಂದಿನಿಂದ ಜನ ಇಲ್ಲದ ಹೊತ್ತಿನಲ್ಲಿ ನಿಮ್ಮ ಉಳಿಕೆಯನ್ನು ಮತ್ತೆ ಮತ್ತೆ ಹಾಕಿಸಿ ನೋಡಿದೆ. ಎಲ್ಲಿದೆ ಇವಳ ಕೈಚಳಕ ಎಂದು ಕಳ್ಳರನ್ನು ಹುಡುಕುವವರ ಹಾಗೆ ಹುಡುಕಿದೆ. ಒಂದು ದಿನ ಕಣ್ಣಿಗೆ ಬಿತ್ತು. ನಾನು ನಿಮ್ಮ ಕತ್ತು ನೋಡುತ್ತಿದ್ದೆ, ನೀವು ಎಲ್ಲಿ ನೋಡುತ್ತಿದ್ದೀರಿ ಎಂಬುದನ್ನು ನೋಡಿರಲಿಲ್ಲ. ನೀವು ನಾಯಕಿಯನ್ನು ನೋಡುತ್ತಿದ್ದೀರಿ. ಅವಳ ಕೆನ್ನೆಯ ಮೇಲಿನ ಬೆಳಕನ್ನು, ಅವಳ ಮುಂದೆ ಮೊಣಕಾಲೂರಿದವನನ್ನು, ಅವಳಿಗೆ ಎಲ್ಲವೂ ಸಲೀಸಾಗಿ ಸಿಗುವುದನ್ನು. ಆ ನೋಟದಲ್ಲಿ ನಟನೆ ಎಳ್ಳಷ್ಟೂ ಇಲ್ಲ. ಅದು ಹಸಿ ಹೊಟ್ಟೆಕಿಚ್ಚು. ಬೀಸಣಿಗೆ ಹಿಡಿದು ವಯೊಲೆಟ್‌ಳ ಹಿಂದೆ ನಿಂತಾಗಲೂ ನೀವು ಹೀಗೇ ನೋಡಿರಬೇಕು. ಆ ಕಂಪನಿಯವನು ನಕ್ಕದ್ದು ಅದಕ್ಕೇ ಇರಬೇಕು. ಜನ ನಗುವುದೂ ಅದಕ್ಕೇ. ತಮ್ಮ ಕಿಚ್ಚನ್ನು ಇನ್ನೊಬ್ಬಳು ತಟ್ಟೆಯಲ್ಲಿಟ್ಟು ತಂದಾಗ ನಗದೆ ಏನು ಮಾಡುತ್ತಾರೆ? ನಮ್ಮ ಮನೆಯ ಕಥೆಯಲ್ಲಿ ಉರಿದವಳು ವಯೊಲೆಟ್ ಒಬ್ಬಳೇ. ನೀವೂ ಉರಿದಿದ್ದೀರಿ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಆಮೇಲೆ ನಿಮ್ಮ ಬದುಕಿನ ವಿಷಯ ಸಿಕ್ಕಿದ್ದನ್ನೆಲ್ಲ ಕೇಳಿ ತಿಳಿದೆ. ನೀವು ಈವರೆಗೆ ಕೆಲಸದಾಕೆ, ಟೆಲಿಫೋನಿನವಳು, ಬಾಡಿಗೆಮನೆಯ ಒಡತಿ, ನಾಯಕಿಯ ಗೆಳತಿ ಇಂಥ ಪಾತ್ರಗಳನ್ನೇ ಮಾಡಿದ್ದೀರಿ. ಈ ವಸಂತದಲ್ಲಿ ಒಬ್ಬ ನಿರ್ಮಾಪಕ ಬಂದು ನಿಮ್ಮನ್ನೇ ನಾಯಕಿ ಮಾಡುತ್ತೇನೆ ಎನ್ನುತ್ತಾನೆ. ನೀವು ಒಪ್ಪುತ್ತೀರಿ. ಮೂಗು ಸಣ್ಣದಾಗಿ ಕಾಣುವ ಹಾಗೆ ದೀಪ ಇಡುತ್ತಾರೆ, ಕತ್ತಿಗೆ ಮುತ್ತಿನ ಪಟ್ಟಿ ಸುತ್ತುತ್ತಾರೆ, ನಾಯಕ ನಿಮ್ಮ ಮುಂದೆಯೇ ಮೊಣಕಾಲೂರುತ್ತಾನೆ. ನೋಡಿ ಕರುಬಲು ನಿಮಗೆ ಯಾರೂ ಉಳಿಯುವುದಿಲ್ಲ. ಸಿನಿಮಾ ಬಿದ್ದುಹೋಗುತ್ತದೆ. ಮತ್ತೆ ಕೆಲಸದಾಕೆಯ ಪಾತ್ರ ಕೇಳಲು ಹೋದರೆ, ನಾಯಕಿಯಾಗಿದ್ದವರಿಗೆ ಇದನ್ನು ಹೇಗೆ ಕೊಡುವುದು ಎನ್ನುತ್ತಾರೆ. ಕೊನೆಗೆ ನೀವು ಟೋಪಿ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲುತ್ತೀರಿ.

ಇದನ್ನು ಮೊದಲು ತಿಳಿದಾಗ ನನಗೆ ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ, ಆ ದಿನ ಎರಡು ಮುದ್ದೆ ಉಂಡೆ.

ಆದರೆ ಮಾರನೆಯ ದಿನ ನಿಮ್ಮ ಉಳಿಕೆ ಮುಗಿದು ತೆರೆ ಬೆಳ್ಳಗಾದಾಗ ನಾನು ಅಲ್ಲೇ ಕೂತಿದ್ದೆ. ಅದರಾಚೆ ಇವಳು ಇನ್ನೇನೇನು ಮಾಡಬಹುದಿತ್ತು ಎಂದು ಯೋಚಿಸಿದೆ. ಮುದುಕಿಯಾಗಿ, ಅತ್ತೆಯಾಗಿ, ಮದುವೆಯಾಗದ ಟೀಚರಾಗಿ ಇದೇ ಕಣ್ಣಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರೆ ಹೇಗಿರುತ್ತಿತ್ತು? ಅದನ್ನು ನೋಡದೆ ಸಾಯಲು ನನಗೆ ಮನಸ್ಸಾಗಲಿಲ್ಲ.

ನಮ್ಮಲ್ಲಿ ಹಿಂದೋಲೆ ಎಂಬ ವ್ಯವಸ್ಥೆ ಇದೆ. ಒಂದು ಮನೆಯವರು ಒಂದೇ ಒಂದು ಕಾಗದವನ್ನು ಹಿಂದಿನ ಕಾಲಕ್ಕೆ ಕಳಿಸಬಹುದು. ಇನ್ನೂರು ವರ್ಷಕ್ಕಿಂತ ಈಚೆಗೆ ಅದು ತಲುಪುವುದಿಲ್ಲ, ಹಾಗಾಗಿ ಸತ್ತ ಗಂಡನನ್ನಾಗಲಿ ಮಗುವನ್ನಾಗಲಿ ಉಳಿಸಿಕೊಳ್ಳಲು ಬರುವುದಿಲ್ಲ. ಜನ ಸಾಮಾನ್ಯವಾಗಿ ಬೀಜ ಕೂಡಿಡಿ, ಆ ಜಮೀನು ಮಾರಬೇಡಿ ಎಂದು ಬರೆಯುತ್ತಾರೆ. ಮೇಲಿನ ನಮ್ಮ ಹೊಲದಲ್ಲಿ ಹಳೆಯ ಬಾವಿಯೊಂದು ಮುಚ್ಚಿಹೋಗಿದೆ. ಅದನ್ನು ಮುಚ್ಚಬೇಡಿ ಎಂದು ಅಂದಿನ ಹಿರಿಯರಿಗೆ ಬರೆಸಬೇಕೆಂದು ನನ್ನ ಮಗಳು ಸುಗುಣಾ ಆಸೆಯಿಟ್ಟುಕೊಂಡಿದ್ದಳು.

"ಅವಳನ್ನ ಕಂಡ್ರೆ ನಿನಗಾಗಲ್ಲ. ಇರೋದೊಂದು ಓಲೇನ ಅವಳಿಗೇ ಹಾಕ್ತೀಯಾ ಅಮ್ಮ?" ಎಂದಳು.

"ಆಗಲ್ಲ ಅಂತಾನೇ ಹಾಕ್ತಿರೋದು."

"ಅವಳು ನೀನು ಹೇಳ್ದಂಗೆ ಕೇಳಿ ದೊಡ್ಡವಳಾದ್ರೆ? ಆಮೇಲೆ ನಿನ್ನ ನಾಟಕಕ್ಕೆ ಒಬ್ರೂ ಬರಲ್ಲ."

"ಗೊತ್ತು" ಎಂದೆ.

ಆದ್ದರಿಂದ ಅಜ್ಜೀ, ಆ ನಿರ್ಮಾಪಕನಿಗೆ ಸಹಿ ಹಾಕಿಕೊಡಬೇಡಿ. ಮುತ್ತಿನ ಪಟ್ಟಿ ತೋರಿಸುತ್ತಾನೆ, ನೋಡಿ ವಾಪಸ್ಸು ಕೊಡಿ. ನಿಮ್ಮ ಜಾಗ ಬಾಗಿಲ ಬಳಿ. ಅಲ್ಲಿ ನಿಂತು ಆ ಚೆಲುವೆಯರನ್ನೆಲ್ಲ ಇನ್ನೂ ಮೂವತ್ತು ವರ್ಷ ಕಣ್ತುಂಬ ಕರುಬಿ. ನನ್ನ ಮಾತು ನಿಮ್ಮನ್ನು ತಲುಪಿದರೆ, ಯಾವುದೋ ಒಂದು ಬೆಳಿಗ್ಗೆ ಮುನಿವೆಂಕಟಪ್ಪ ಓಡಿಬಂದು, ಆಯಮ್ಮನದು ಇನ್ನೊಂದು ಸಿಕ್ಕೈತೆ, ಇದರಲ್ಲಿ ಮುದುಕಿ ವೇಷ ಎನ್ನುತ್ತಾನೆ. ನಾನು ಅವನಿಗೆ ಬಾಯಿಗೆ ಬಂದ ಹಾಗೆ ಬಯ್ಯುತ್ತೇನೆ. ಬೈದು ಮುಗಿಸಿ, ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಸಾಲಿನಲ್ಲಿ ಚಾಪೆ ಹಾಸುತ್ತೇನೆ.

ನಿಮ್ಮನ್ನು ಕಂಡರೆ ಆಗದ,
ರತ್ನಮಾಲಾ