ಹಳೆ ಕರುಗಳ ಸಂಘ

ಮನೆ, ಹಿಂದಿನ ಕೋಣೆ
ಬುಧವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಪೊರೆ ತೆಗೆಸಿದ ಮೇಲೆ ಓದಲು ತೊಂದರೆಯಿಲ್ಲ ಎಂದು ಭಾವ ಫೋನಿನಲ್ಲಿ ಹೇಳಿದರು. ಆದರೂ ಅಕ್ಷರ ದೊಡ್ಡದಾಗಿಯೇ ಬರೆಯುತ್ತಿದ್ದೇನೆ. ಅವರ ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ ದಿನವೇ ಅಟ್ಟ ಹತ್ತಿ ಕುಳಿತವರು ಅವರು, ಸ್ವಲ್ಪ ಗದರಿಸು. ಇಲ್ಲಿ ನಾವಿಬ್ಬರೂ ಕ್ಷೇಮ. ನಮ್ಮವಳು ಬೆಳಿಗ್ಗೆ ಒಂದು ಮಾತು ಹೇಳಿದಳು: "ಅಕ್ಕ ತಮ್ಮ ಫೋನ್ ಹಿಡಿದ್ರೆ ಬಿಸಿಲು, ಚಳಿ, ಮಂಡಿ ನೋವು. ಅದರಾಚೆ ಒಂದು ಮಾತಿಲ್ಲ. ಕಾಗದನಾದ್ರೂ ಬರೀರಿ." ಅವಳು ಹೇಳಿದ್ದು ನಿಜ. ಇಪ್ಪತ್ತು ವರ್ಷದಿಂದ ನಾವು ಹವಾಮಾನ ವರದಿಯನ್ನೇ ಓದಿ ಹೇಳುತ್ತಿದ್ದೇವೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಹಳೆಯ ಕಾರುಗಳ ಸಂಘದ ಜಾಲತಾಣ ಈ ತಿಂಗಳ ಕೊನೆಗೆ ಮುಚ್ಚುತ್ತದೆ. ಅದನ್ನು ಇಟ್ಟುಕೊಂಡಿದ್ದ ಕಂಪನಿ ಬಾಗಿಲು ಹಾಕುತ್ತಿದೆ. ಹೊಸದೊಂದನ್ನು ಕಟ್ಟುತ್ತಿದ್ದಾರೆ. ಈಗಿನ ಕಾರ್ಯದರ್ಶಿ ಒಬ್ಬ ನರ್ಸ್, ನಾಲ್ಕು ವರ್ಷದ ಹಿಂದೆ ಸೇರಿದಾಕೆ, ಬಹಳ ಚುರುಕು. "ಸರ್, ಮೊದಲಿಂದ ಇದ್ದವರು ನೀವೇ. ತಾಣದ ಇತಿಹಾಸ ಅಂತ ಒಂದು ಪುಟ ಬರೆದುಕೊಡಿ" ಎಂದರು. ಮೊದಲಿನಿಂದ ಇದ್ದವರು ನಾನಲ್ಲಮ್ಮ, ನಮ್ಮಕ್ಕ ಎಂದೆ. "ಓ, ಕರು ಅಕ್ಕನಾ!" ಎಂದು ನಕ್ಕರು. ನಿನ್ನನ್ನು ಅವರು ನೋಡಿಯೇ ಇಲ್ಲ, ಆದರೆ ಆ ಹೆಸರು ಗೊತ್ತು. ಅವತ್ತಿನಿಂದ ನನ್ನ ಬರವಣಿಗೆ ನಿಂತುಹೋಯಿತು. ಮೂವತ್ತೆಂಟು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದವನು ನಾನು. ಊರವರ ತಪ್ಪನ್ನೆಲ್ಲ ತಿದ್ದಿದೆ. ನನ್ನದೊಂದು ತಪ್ಪು ಇಪ್ಪತ್ತೆರಡು ವರ್ಷದಿಂದ ನಿನ್ನ ಹೆಸರಿನಲ್ಲಿದೆ. ಅದನ್ನು ಒಪ್ಪಿಕೊಳ್ಳದೆ ಇತಿಹಾಸದ ಎರಡನೇ ಸಾಲು ಬರೆಯಲು ನನ್ನಿಂದ ಆಗಲಿಲ್ಲ.

ಸಂಘದ ಅಧ್ಯಕ್ಷರ ಶೆಡ್ಡಿನ ಆ ಹಿಂದಿನ ಕೋಣೆ ನಿನ್ನ ಕಣ್ಣ ಮುಂದೆ ಬರುತ್ತದೆಯೇ? ನನಗೆ ಈಚೆಗೆ ಕಣ್ಣು ಮುಚ್ಚಿದರೆ ಅದೇ. ಅವರು ಕಾರುಗಳಿಗೆ ಬಣ್ಣ ಹೊಡೆಯುವವರಾದ್ದರಿಂದ ಸುತ್ತ ಡಬ್ಬಗಳು, ನಡುವೆ ಒಂದು ಮೇಜು, ಮೇಜಿನ ಮೇಲೆ ಯಾರೋ ಸದಸ್ಯರು ಬೇಡವೆಂದು ಕೊಟ್ಟ ಕಂಪ್ಯೂಟರು. ಮುಂದಿನ ಶೆಡ್ಡಿನಲ್ಲಿ ಯಾವ ಬಣ್ಣ ಹೊಡೆಯುತ್ತಿದ್ದರೋ ಆ ಬಣ್ಣದ ಧೂಳು ಕಿಟಕಿಯ ಬಿಸಿಲಿನಲ್ಲಿ ತೇಲುತ್ತಿತ್ತು. ಹಸಿರು ಕಾರು ಬಂದ ವಾರ ನಮ್ಮ ಕರವಸ್ತ್ರವೂ ಹಸಿರು, ಗಾಳಿಯೂ ಹಸಿರು. ನೀನು ಶಾಲೆಯ ಕಚೇರಿಯಲ್ಲಿ ಟೈಪಿಂಗ್ ಮುಗಿಸಿ ನೇರ ಅಲ್ಲಿಗೆ ಬರುತ್ತಿದ್ದೆ. ಫೋನಿನ ತಂತಿ ಕಂಪ್ಯೂಟರಿಗೆ ಸಿಕ್ಕಿಸಿದರೆ ಅಧ್ಯಕ್ಷರಿಗೆ ಕರೆ ಬರುತ್ತಿರಲಿಲ್ಲ. "ಮುಗೀತಾ ನಿಮ್ಮ ತಾಣ? ಗಿರಾಕಿಗಳು ನಾನು ಸತ್ತೇ ಹೋದೆ ಅಂದ್ಕೊಂಡಾರು!" ಎಂದು ಆಚೆಯಿಂದ ಕೂಗುತ್ತಿದ್ದರು. ಮೊದಲ ಫೋಟೋ ಪರದೆಯ ಮೇಲೆ ಇಳಿದ ಮಧ್ಯಾಹ್ನ ಇನ್ನೂ ಹಾಗೇ ಇದೆ. ಮೊದಲು ಆಕಾಶ, ಆಮೇಲೆ ಕಾರಿನ ಮಾಡು, ಗಾಜು, ಬಾಗಿಲಿನ ಹಿಡಿ, ಒಂದೊಂದೇ ಗೆರೆಯಾಗಿ, ನೀರಿನ ತಳದಿಂದ ಏನೋ ಮೇಲೆ ಬರುವಂತೆ. "ಚಕ್ರ ಕಾಣೋ ತನಕ ಉಸಿರು ಬಿಡಬೇಡ ಕಣೋ" ಎಂದೆ ನೀನು. ಹದಿಮೂರು ನಿಮಿಷ ಹಿಡಿಯಿತು, ಗಡಿಯಾರ ನೋಡಿದ್ದೆ. ಉಸಿರು ಹಿಡಿದಿದ್ದೆನೋ ಇಲ್ಲವೋ, ಅದು ನೆನಪಿಲ್ಲ.

ತಪ್ಪು ನಡೆದದ್ದು ಅದರ ಮರುದಿನ. ಮೊದಲ ಪುಟದ ಶೀರ್ಷಿಕೆ ನೀನು ಹೊಡೆದಿದ್ದೆ. ಸಾಲು ಉದ್ದವಾಗಿ, ಕೊನೆಯ 'ಘ' ಒಂಟಿಯಾಗಿ ಕೆಳಗೆ ಬಿದ್ದಿತ್ತು. ನೀನು ಚಹಾ ತರಲು ಮೂಲೆಯ ಅಂಗಡಿಗೆ ಹೋದೆ. ಶೀರ್ಷಿಕೆಯನ್ನು ಒಂದೇ ಸಾಲಿಗೆ ಕೂರಿಸುವುದು ಪತ್ರಿಕೆಯಲ್ಲಿ ನನ್ನ ಕೈಗೆ ಅಂಟಿದ ಚಟ. ಸುಮ್ಮನೆ ಕೂರಲು ಆಗಲಿಲ್ಲ. 'ಹಳೆಯ' ಎಂಬುದನ್ನು 'ಹಳೆ' ಮಾಡೋಣವೆಂದು ಎಲ್ಲವನ್ನೂ ಅಳಿಸಿ, ಎರಡು ಬೆರಳಲ್ಲಿ ಹುಡುಕಿ ಹುಡುಕಿ ಹೊಸದಾಗಿ ಹೊಡೆದೆ. ಕಾರಿನ ದೀರ್ಘ ಬಿಟ್ಟುಹೋಯಿತು. 'ಹಳೆ ಕರುಗಳ ಸಂಘ.' ಸಾಲು ಅಚ್ಚುಕಟ್ಟಾಗಿ ಕೂತಿತು, ಎರಡೂ ಬದಿ ಸಮನಾಗಿ ಜಾಗ ಉಳಿಯಿತು. ಅಷ್ಟು ಚೆನ್ನಾಗಿ ಯಾಕೆ ಕೂತಿತು ಎಂದು ನಾನು ಯೋಚಿಸಲಿಲ್ಲ. ಹಿಗ್ಗಿದೆ, ಅಷ್ಟೇ. ನೀನು ಲೋಟ ಹಿಡಿದು ಬಂದು, ಬಾಗಿಲಲ್ಲೇ ನಿಂತು ನೋಡಿ, "ಈಗ ಸರಿಯಾಗಿ ಕೂತಿದೆ" ಎಂದೆ. ಇಬ್ಬರೂ ಅಗಲ ನೋಡಿದೆವು, ಅಕ್ಷರ ನೋಡಲಿಲ್ಲ.

ಮೂರನೇ ದಿನ ದನದ ಡಾಕ್ಟರು ಸ್ಕೂಟರಿನಲ್ಲಿ ಬಂದರು. ಔಷಧದ ಚೀಲ ಹೆಗಲಲ್ಲೇ ಇತ್ತು. "ಹಳೆ ಕರುಗಳ ಸಂಘ ನಡೆಸೋರು ಯಾರು ಸ್ವಾಮಿ? ಕರು ಹಳೇದಾದ್ರೆ ಹಸು ಆಗುತ್ತೆ, ಇಲ್ಲ ಎತ್ತಾಗುತ್ತೆ. ಅದಕ್ಕೊಂದು ಸಂಘ ಯಾಕೆ?" ಅಧ್ಯಕ್ಷರು ಬಣ್ಣದ ಪಿಚಕಾರಿ ಕೆಳಗಿಟ್ಟು ನೆಲದ ಮೇಲೆ ಕೂತು ನಕ್ಕರು. ನಕ್ಕು ಮುಗಿದ ಮೇಲೆ ಎಲ್ಲರೂ ನಿನ್ನ ಕಡೆ ತಿರುಗಿದರು, ಟೈಪ್ ಮಾಡುವವಳು ನೀನಲ್ಲವೇ. ನೀನು ಪರದೆ ನೋಡಿದೆ, ನನ್ನನ್ನು ನೋಡಿದೆ. "ನನ್ನ ಕೈ ತಪ್ಪಿರಬೇಕು" ಎಂದೆ. ನಾನು ಬಾಯಿ ಬಿಡಲಿಲ್ಲ. ಆ ತಿಂಗಳಷ್ಟೇ ಪತ್ರಿಕೆಯವರು ಮುಖಪುಟ ತಿದ್ದುವ ಕೆಲಸ ನನಗೆ ಕೊಟ್ಟಿದ್ದರು. ಕಾರನ್ನು ಕರು ಮಾಡಿದವನು ಎಂಬ ಸುದ್ದಿ ಕಚೇರಿಗೆ ಮುಟ್ಟಿದರೆ ಏನು ಗತಿ ಎಂದು ಹೆದರಿದೆ. ಕಾರಣ ಅಷ್ಟೇ, ಅದಕ್ಕಿಂತ ದೊಡ್ಡದೇನೂ ಇಲ್ಲ. ನಾಳೆ ಹೇಳೋಣ ಎಂದುಕೊಂಡೆ. ನಾಳೆಗಳು ಹೇಗೆ ಹೋಗುತ್ತವೆ ಎಂದು ನಿನಗೆ ಗೊತ್ತು.

ಹನ್ನೊಂದನೇ ದಿನ ಶೀರ್ಷಿಕೆ ಸರಿಯಾಯಿತು. ಅಷ್ಟರಲ್ಲಿ ಎಲ್ಲೆಲ್ಲಿಂದಲೋ ತಾಣಕ್ಕೆ ಓಲೆಗಳು ಬರತೊಡಗಿದ್ದವು. 'ನಮ್ಮ ಕರು ಎರಡು ದಿನದಿಂದ ಹಾಲು ಕುಡಿಯುತ್ತಿಲ್ಲ, ದಯವಿಟ್ಟು ತಿಳಿಸಿ' ಎಂದು ಯಾರೋ ತಾಯಿ. ಅಳಿಸಿಬಿಡಿ ಎಂದರು ಅಧ್ಯಕ್ಷರು. ನೀನು ಕೇಳಲಿಲ್ಲ. ದನದ ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದ್ದನ್ನು ತಪ್ಪಿಲ್ಲದೆ ಹೊಡೆದು ಕಳುಹಿಸಿದೆ. ಎರಡು ವರ್ಷದಲ್ಲಿ ನೂರ ಆರು ಉತ್ತರ, ಮೊನ್ನೆ ಎಣಿಸಿದೆ. ಕ್ಲಚ್ಚು, ಕಾರ್ಬ್ಯುರೇಟರುಗಳ ನಡುವೆ ಹೊಕ್ಕುಳ ಬಾವು, ಹಾಲು ಹಲ್ಲು. ಕರುಗಳ ಫೋಟೋಗಳೂ ಕಾರುಗಳಂತೆಯೇ ಮೇಲಿನಿಂದ ಇಳಿಯುತ್ತಿದ್ದವು, ಮೊದಲು ಕಿವಿ, ಆಮೇಲೆ ಕಣ್ಣು. ಡಾಕ್ಟರು ಕೊನೆಗೆ ತಾವೂ ಒಂದು ನೀಲಿ ಕಾರು ಕೊಂಡು ಸದಸ್ಯರಾದರು. ಅಷ್ಟೂ ನಡೆದದ್ದು ನಿಜವೇ ಎಂದು ನನಗೆ ಕೆಲವೊಮ್ಮೆ ಅನುಮಾನ. ದಾಖಲೆ ಇರುವುದರಿಂದ ನಂಬುತ್ತೇನೆ.

ಆಮೇಲಿನ ವಾರ್ಷಿಕ ಊಟ. ಅಧ್ಯಕ್ಷರು ನಿನ್ನನ್ನು ಮುಂದೆ ಕರೆದು, "ನಮ್ಮ ಕರು ಅಕ್ಕನಿಗೆ" ಎಂದು ಬಟ್ಟೆಯ ಕರುವೊಂದನ್ನು ಕೈಗಿಟ್ಟರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಸಭೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. "ಚೆನ್ನಾಗಿದೆ, ಎಲ್ಲಿ ತಂದ್ರಿ?" ಎಂದು ಕೇಳಿ ನೀನು ಅದನ್ನು ಚೀಲಕ್ಕೆ ಹಾಕಿಕೊಂಡೆ. ಇಪ್ಪತ್ತಾರು ವರ್ಷ ಶಾಲೆಯ ಒಂದೇ ಒಂದು ಪತ್ರ ವಾಪಸು ಬಾರದಂತೆ ಟೈಪ್ ಮಾಡಿದವಳಿಗೆ ಒಂದು ತಪ್ಪಿನ ಹೆಸರಿಟ್ಟರು. ಮುಂದಿನ ತಿಂಗಳು ಕೋಣೆಯ ಬೀಗದ ಕೈ ನನ್ನ ಕೈಲಿ ಕೊಟ್ಟು, "ಕಣ್ಣು ನೋಯುತ್ತೆ ಕಣೋ, ಬೇರೆ ಯಾರಾದ್ರೂ ಮಾಡ್ಲಿ" ಎಂದೆ. ಭಾವನಿಗೆ ವರ್ಗವಾಯಿತು, ನೀವು ಊರು ಬಿಟ್ಟಿರಿ. ನೀನು ಹೋದ ಮೇಲೆ 'ಸದ್ಯದಲ್ಲೇ ಹೊಸ ಸುದ್ದಿ' ಎಂಬ ಸಾಲು ಆ ಪುಟದ ಮೇಲೆ ಆರು ವರ್ಷ ಹಾಗೇ ನಿಂತಿತ್ತು.

ಕಳೆದ ಗುರುವಾರ ಆ ಕೋಣೆ ಖಾಲಿ ಮಾಡಲು ಹೋಗಿದ್ದೆ. ನಿನ್ನ ರಟ್ಟಿನ ಕಡತ ಸಿಕ್ಕಿತು. ಎಲ್ಲವನ್ನೂ ಮುದ್ರಿಸಿ ಇಡುವ ನಿನ್ನ ಅಭ್ಯಾಸ ನನಗೆ ಮರೆತೇ ಹೋಗಿತ್ತು. ಮೊದಲ ಹಾಳೆ: 'ಹಳೆಯ ಕಾರುಗಳ ಸಂಘ', ದೀರ್ಘ ಇದೆ, 'ಘ' ಕೆಳಗೆ ಬಿದ್ದಿದೆ. ಮೂಲೆಯಲ್ಲಿ ನಿನ್ನ ಕೈಬರಹ: ಮೂರು ನಲವತ್ತು, ಚಹಾಕ್ಕೆ ಮುಂಚೆ. ಅಕ್ಕಾ, ನಿನ್ನ ಹತ್ತಿರ ಸಾಕ್ಷಿ ಇತ್ತು. ಮೇಜಿನಿಂದ ಎಂಟು ಹೆಜ್ಜೆ ದೂರದ ಕಪಾಟಿನಲ್ಲಿ. ಊಟದ ದಿನವೂ ಇತ್ತು. ಎಲ್ಲರ ಮುಂದೆ ಅದನ್ನು ತೆರೆದು ತೋರಿಸದೆ ನೀನು ಬೀಗದ ಕೈ ಕೊಟ್ಟು ಹೋದೆ. ನೀನು ಕೂತು ಟೈಪ್ ಮಾಡುತ್ತಿದ್ದ ಸ್ಟೂಲಿನ ಮೇಲೆ ನಾನು ಕೂತೆ. ಎಷ್ಟು ಹೊತ್ತು ಎಂದು ಈ ಸಲ ಗಡಿಯಾರ ನೋಡಲಿಲ್ಲ.

ಮನೆಗೆ ಬಂದು ಹಳೆಯ ತಾಣವನ್ನು ಕೊನೆಯವರೆಗೆ ಓದಿದೆ. ಅಲ್ಲಿನ ಕಾರುಗಳಲ್ಲಿ ಅರ್ಧ ಈಗ ಗುಜರಿಯಾಗಿವೆ. ಆದರೆ ಆ ಪುಟಗಳಲ್ಲಿ ಅವೆಲ್ಲ ಒಂದೇ ಬಿಸಿಲಿನಲ್ಲಿ, ಬಾಗಿಲು ಅರೆತೆರೆದು, ಯಾರೋ ಈಗ ಬಂದು ಹತ್ತುತ್ತಾರೆ ಎನ್ನುವಂತೆ ನಿಂತಿವೆ. ಓದುತ್ತ ಓದುತ್ತ ನಾನೂ ಆ ಬಿಸಿಲಿನಲ್ಲಿ ನಡೆದಾಡಿದೆ. ನೀನೂ ಎಲ್ಲೋ ಮುಂದಿನ ಸಾಲಿನಲ್ಲಿ ಬೆನ್ನು ತಿರುಗಿಸಿ ನಿಂತಂತೆ ಅನಿಸುತ್ತಿತ್ತು. ಆಮೇಲೆ ಎದ್ದು ಇತಿಹಾಸ ಬರೆದೆ, ಒಂದೇ ಪಟ್ಟಿಗೆ. ತಪ್ಪು ಯಾರದು, ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಸುಮ್ಮನಿದ್ದರು, ಯಾರು ನಕ್ಕರು, ಎಲ್ಲ ಇದೆ. ಭಾನುವಾರ ಸಭೆಯಲ್ಲಿ ಎದ್ದು ನಿಂತು ಓದಿದೆ. ಯಾರೂ ನಗಲಿಲ್ಲ. ಅಧ್ಯಕ್ಷರಿಗೆ ಈಗ ಎಪ್ಪತ್ತೊಂಬತ್ತು. ಕನ್ನಡಕ ತೆಗೆದು ಒರೆಸಿಕೊಂಡು, "ಥೂ ನಿನ್ನ. ಇಷ್ಟು ವರ್ಷ ಆಯಮ್ಮನ ಕಾಲೆಳೆದೆನಲ್ಲೋ ನಾನು" ಎಂದರು. ಬೈಸಿಕೊಂಡು ಇಷ್ಟು ಹಗುರಾದದ್ದು ನನಗೆ ಇದೇ ಮೊದಲು.

ಕ್ಷಮಿಸು ಎಂದು ಕಾಗದದಲ್ಲಿ ಬರೆಯುವುದು ಸುಲಭ. ಅದಕ್ಕೇ ಇಲ್ಲಿ ಬರೆಯುತ್ತಿಲ್ಲ. ಭಾವನಿಗೆ ನಮಸ್ಕಾರ ತಿಳಿಸು. ನಮ್ಮವಳೂ ನಿನ್ನನ್ನು ಕೇಳಿದಳು. ಕಣ್ಣಿಗೆ ಹನಿ ಹಾಕಿಕೊಳ್ಳುವುದನ್ನು ಮರೆಯಬೇಡ. ದೊಡ್ಡವಳು ನೀನು, ಬೈದರೂ ಹರಸಿದರೂ ನನಗೆ ಒಳ್ಳೆಯದೇ.

ನಿನ್ನ ತಮ್ಮ

ಅವಸರದಲ್ಲಿ ಇನ್ನೊಂದು: ಹೊಸ ತಾಣ ತೆರೆಯುವ ಮುಂಚೆ ಆ ಪುಟವನ್ನು ಯಾರಾದರೂ ತಿದ್ದಬೇಕು ಎಂದರು. ನನ್ನ ಬರಹ ನಾನೇ ತಿದ್ದಬಾರದು, ನಮ್ಮಕ್ಕ ನೋಡಬೇಕು ಎಂದೆ. ಹಾಗಾದರೆ ಅಂಚೆಯಲ್ಲಿ ಯಾಕೆ, ನಾವೇ ಒಯ್ಯೋಣ ಎಂದು ಅಧ್ಯಕ್ಷರು ಹಟ ಹಿಡಿದಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ನಿಮ್ಮ ಬೀದಿಗೆ ಮೂರು ಕಾರು ಬರುತ್ತವೆ. ನಾಲ್ಕನೆಯದು ಹೊರಟೀತೆಂದು ಖಚಿತವಾಗಿ ಹೇಳಲಾರೆ. ನಿನಗೆ ಬೇಡವೆನಿಸಿದರೆ ಬಾಗಿಲು ಹಾಕಿಕೊಂಡಿರು, ದಾರಿ ತಪ್ಪಿ ಬಂದವರಂತೆ ತಿರುಗಿಸಿಕೊಂಡು ಹೋಗುತ್ತೇವೆ. ಯಾರೂ ಹಾರ್ನ್ ಹೊಡೆಯುವುದಿಲ್ಲ, ಮಾತು ತೆಗೆದುಕೊಂಡಿದ್ದೇನೆ. ಬಾಗಿಲು ತೆರೆದಿದ್ದರೆ ಅವರೆಲ್ಲ ಬೀದಿಯಲ್ಲೇ ನಿಲ್ಲುತ್ತಾರೆ. ಹಾಳೆ ಹಿಡಿದು ನಾನೊಬ್ಬನೇ ಇಳಿದು ಬರುತ್ತೇನೆ.